ಪಠ್ಯೇತರ ಚಟುವಟಿಕೆ: ಯಾವ ಬಾಗಿಲಲ್ಲಿ ಎಷ್ಟು ಬೆಲೆ?

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಸಭೆಗಾಗಿ ಪೋಷಕರು ಮೊದಲೇ ಬರೆದುಕೊಟ್ಟ ಚೀಟಿಗಳನ್ನು ಸಂಘಟಕರು ನನಗೆ ತಲುಪಿಸಿದ್ದಾರೆ. ಕೈಬರಹ ಬೇರೆ ಬೇರೆಯಾದರೂ ಬಹುಪಾಲು ಚೀಟಿಗಳಲ್ಲಿರುವ ಪ್ರಶ್ನೆ ಒಂದೇ: ಮಗ ಎಂಟನೆಯ ತರಗತಿಯಲ್ಲಿದ್ದಾನೆ, ಮಗಳು ಒಂಬತ್ತರಲ್ಲಿದ್ದಾಳೆ, ಓದಿನ ಜೊತೆಗೆ ಇನ್ನು ಯಾವುದಕ್ಕೆ ಸೇರಿಸಿದರೆ ಮುಂದೆ ಸೀಟು ಸಿಗಲು ಅನುಕೂಲವಾಗುತ್ತದೆ? ಒಬ್ಬರಂತೂ ಹಾಕಿ, ಎನ್‌ಸಿಸಿ, ಭರತನಾಟ್ಯ, ಅಬಾಕಸ್ ಎಂದು ಒಂದರ ಕೆಳಗೊಂದು ಬರೆದು, ಕೊನೆಯಲ್ಲಿ “ಯಾವುದಕ್ಕೆ ವೆಯ್ಟೇಜ್ ಜಾಸ್ತಿ ಸಾರ್?” ಎಂದು ಕೇಳಿದ್ದಾರೆ. ಮುಚ್ಚುಮರೆಯಿಲ್ಲದ ಪ್ರಶ್ನೆ, ನನಗೆ ಇಷ್ಟವಾಯಿತು. ಆದರೆ ಇದಕ್ಕೆ ಉತ್ತರ ಹೇಳುವ ಮೊದಲು ನಾನು ಮರುಪ್ರಶ್ನೆ ಕೇಳಲೇಬೇಕು: ಯಾವ ಸೀಟು? ಎಂಜಿನಿಯರಿಂಗೋ, ವೈದ್ಯಕೀಯವೋ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವೋ, ಸೇನೆಯೋ, ದೆಹಲಿಯೋ, ವಿದೇಶವೋ? ಪ್ರತಿಯೊಂದು ಬಾಗಿಲಲ್ಲೂ ಬೇರೆ ಬೇರೆ ಕಾವಲುಗಾರರಿದ್ದಾರೆ, ಅವರು ಕೇಳುವ ವಸ್ತುವೂ ಬೇರೆ ಬೇರೆ. ಒಂದು ಕಡೆ ಬೆಲೆಯುಳ್ಳದ್ದನ್ನು ಇನ್ನೊಂದು ಕಡೆ ಯಾರೂ ಬಿಚ್ಚಿ ಸಹ ನೋಡುವುದಿಲ್ಲ.

ನಮ್ಮ ಮಕ್ಕಳಲ್ಲಿ ಅತಿ ಹೆಚ್ಚಿನವರು ನುಗ್ಗುವ ಬಾಗಿಲಿನಿಂದಲೇ ಆರಂಭಿಸೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಹೇಗೆ ಬರುತ್ತದೆ? ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಎಂಬಿಬಿಎಸ್‌ಗೆ ಬೇಕಾದ್ದು ನೀಟ್ ಪರೀಕ್ಷೆಯ 720ಕ್ಕೆ ಎಷ್ಟು ಎಂಬ ಒಂದೇ ಸಂಖ್ಯೆ. ಬಹುಪಾಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ. ಈ ಲೆಕ್ಕಗಳಲ್ಲಿ ನಿಮ್ಮ ಮಗಳ ಭಾಷಣ ಸ್ಪರ್ಧೆಯ ಬಹುಮಾನಕ್ಕಾಗಲಿ, ಮಗನ ಕರಾಟೆ ಬೆಲ್ಟಿಗಾಗಲಿ ಒಂದು ಅಂಕದಷ್ಟೂ ಜಾಗವಿಲ್ಲ. ಗಡಿಯಾಚೆ ಕಣ್ಣೂರು, ವಯನಾಡಿನಲ್ಲಿ ನೆಂಟರಿರುವವರು ಇಲ್ಲಿ ಹಲವರಿದ್ದೀರಿ. ಅಲ್ಲಿ ರಾಜ್ಯಮಟ್ಟದ ಶಾಲಾ ಕಲೋತ್ಸವದಲ್ಲಿ ಗೆದ್ದ ಮಕ್ಕಳಿಗೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ಸ್ ಕೊಡುವ ಪದ್ಧತಿಯಿದೆ ಎಂಬುದನ್ನು ಕೇಳಿ, ನಮ್ಮ ಪ್ರತಿಭಾ ಕಾರಂಜಿಗೂ ಅಂಥದ್ದೇ ಏನೋ ಇರಬೇಕು ಎಂದು ನಂಬಿದ್ದೀರಿ. ಅದು ಕೇರಳದ ನಿಯಮ. ನಮ್ಮ ಪ್ರತಿಭಾ ಕಾರಂಜಿಯ ಬಹುಮಾನದಿಂದ ಸಿಇಟಿ ರ‍್ಯಾಂಕ್ ಒಂದು ಸ್ಥಾನವೂ ಮೇಲೇರುವುದಿಲ್ಲ.

ಇದನ್ನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಅಂಕಕ್ಕೆ ಸಂಬಂಧವೇ ಇಲ್ಲದ ಕಡೆ ಅಂಕದ ಆಸೆ ತೋರಿಸಿ ದುಡ್ಡು ಮಾಡುವ ವ್ಯಾಪಾರವೊಂದು ನಮ್ಮ ಶಾಲೆಗಳ ಒಳಗೇ ಬೆಳೆದಿದೆ. ಶುಲ್ಕ ಕಟ್ಟಿದರೆ ಸಾಕು, ‘ಅಂತಾರಾಷ್ಟ್ರೀಯ ಒಲಿಂಪಿಯಾಡ್’ ಎಂಬ ಹೆಸರಿನ ಪರೀಕ್ಷೆ ತರಗತಿಗೇ ಬರುತ್ತದೆ. ಒಂದೇ ತರಗತಿಯ ಹಲವು ಮಕ್ಕಳ ಕೊರಳಿಗೆ ಚಿನ್ನದ ಬಣ್ಣದ ಪದಕ ಬೀಳುತ್ತದೆ. ಮಗುವಿಗೆ ಸಂತೋಷವಾದರೆ ಆಗಲಿ, ಬೇಡವೆನ್ನುವುದಿಲ್ಲ. ಆದರೆ ನಿಜವಾದ ವಿಜ್ಞಾನ ಒಲಿಂಪಿಯಾಡ್‌ಗಳ ಹಾದಿ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೂಲಕ ಹೋಗುತ್ತದೆ. ಅದು ಹಂತಹಂತವಾಗಿ ಸೋಸುವ ಕಠಿಣವಾದ ಹಾದಿ, ಅಲ್ಲಿ ತರಗತಿಗೆಲ್ಲ ಪದಕ ಹಂಚುವುದಿಲ್ಲ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ರಸೀದಿ ಪುಸ್ತಕ ಯಾರ ಕೈಯಲ್ಲಿದೆ ಎಂದು ನೋಡಿ.

ಹಾಗಾದರೆ ಸಿಇಟಿಯಲ್ಲಿ ಚಟುವಟಿಕೆಗೆ ಜಾಗವೇ ಇಲ್ಲವೇ? ಇದೆ, ಆದರೆ ಪಕ್ಕದ ಕಿರುಬಾಗಿಲಲ್ಲಿ. ವಿಶೇಷ ಪ್ರವರ್ಗ ಎಂದು ಕರೆಯುವ ಕೆಲವು ಸೀಟುಗಳಿವೆ. ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಅದರಲ್ಲಿ ಸೇರುತ್ತವೆ. ಸೈನಿಕರ, ಮಾಜಿ ಸೈನಿಕರ ಮಕ್ಕಳಿಗಿರುವ ಪ್ರವರ್ಗವೂ ಅದೇ ಪಟ್ಟಿಯಲ್ಲಿದೆ. ಕೊಡಗಿನಲ್ಲಿ ಅದು ಅನ್ವಯಿಸುವ ಮನೆಗಳು ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಅದು ಪಾಲಕರ ಸೇವೆಯಿಂದ ಬರುವುದೇ ಹೊರತು ಮಗುವಿನ ಚಟುವಟಿಕೆಯಿಂದಲ್ಲ. ಹಾಗೆಯೇ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇರುವ ಮೀಸಲಾತಿಯನ್ನು ಇದರೊಂದಿಗೆ ಬೆರೆಸಬೇಡಿ. ಮಗುವನ್ನು ಎಂಟನೆಯ ತರಗತಿಗೆ ಪೇಟೆಯ ಶಾಲೆಗೆ ಸೇರಿಸುವ ಆತುರದಲ್ಲಿ ಗ್ರಾಮೀಣ ಮೀಸಲಾತಿಯನ್ನೇ ಕಳೆದುಕೊಂಡು, ಆಮೇಲೆ ಕರಾಟೆ ಸರ್ಟಿಫಿಕೇಟ್ ಹಿಡಿದುಕೊಂಡು ಓಡಾಡುವವರನ್ನು ನಾನು ನೋಡಿದ್ದೇನೆ.

ಈ ಕಿರುಬಾಗಿಲಿನ ಬಗ್ಗೆ ಮೂರು ಮಾತು ತಿಳಿದಿರಬೇಕು. ವಿಶೇಷ ಪ್ರವರ್ಗದಲ್ಲಿ ಬರುವವರೂ ಸಿಇಟಿ ಬರೆದು ರ‍್ಯಾಂಕ್ ಪಡೆದಿರಲೇಬೇಕು. ಓದು ಬಿಟ್ಟು ಆಡಿದವರಿಗೆ ಅದು ತೆರೆಯುವುದಿಲ್ಲ. ಅರ್ಜಿ ತುಂಬುವಾಗಲೇ ಆ ಪ್ರವರ್ಗವನ್ನು ನಮೂದಿಸಬೇಕು, ಪ್ರಾಧಿಕಾರ ಹೇಳಿದ ದಿನ ಮೂಲ ಪ್ರಮಾಣಪತ್ರಗಳನ್ನು ಒಪ್ಪಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿ ಬೇಕಾದ ಅರ್ಹತೆ ದ್ವಿತೀಯ ಪಿಯುಸಿಯಲ್ಲಿ ಎಚ್ಚರವಾದರೆ ದಕ್ಕುವಂಥದ್ದಲ್ಲ. ಸ್ಕೌಟಿನಲ್ಲಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ, ರಾಜ್ಯ ಪುರಸ್ಕಾರ ಮುಗಿಸಿ, ಆಮೇಲೆ ರಾಷ್ಟ್ರಪತಿ ಪುರಸ್ಕಾರದ ಕಡೆಗೆ ಹೋಗಬೇಕು. ಪ್ರತಿ ಹಂತಕ್ಕೂ ಕಾಲಾವಧಿಯಿದೆ. ಎನ್‌ಸಿಸಿಯ ‘ಎ’ ಪ್ರಮಾಣಪತ್ರ ಪ್ರೌಢಶಾಲೆಯ ಎರಡು ವರ್ಷದ ತರಬೇತಿ, ಹಾಜರಾತಿ, ಶಿಬಿರ ಎಲ್ಲವೂ ಆದ ಮೇಲೆ ಪರೀಕ್ಷೆ ಬರೆದು ಪಡೆಯುವಂಥದ್ದು. ‘ಬಿ’ ಮತ್ತು ‘ಸಿ’ ಅದರ ಮುಂದಿನವು. ಆದ್ದರಿಂದ ಈ ದಾರಿಯಲ್ಲಿ ಹೋಗುವ ಮನಸ್ಸಿದ್ದರೆ ತೀರ್ಮಾನದ ಕಾಲ ಎಂಟನೆಯ ತರಗತಿ, ಅಂದರೆ ಈ ಸಭಾಂಗಣದ ಮುಂದಿನ ಸಾಲುಗಳಲ್ಲಿ ಕುಳಿತಿರುವವರ ವಯಸ್ಸು.

ಕ್ರೀಡೆಯ ಮಾತು ಬಂದಾಗ ಕೊಡಗಿನಲ್ಲಿ ಹಾಕಿಯನ್ನು ಬಿಟ್ಟು ಮಾತನಾಡಲು ಸಾಧ್ಯವಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಈಗ 300 ತಂಡಗಳನ್ನು ದಾಟಿದೆ. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದನ್ನು, ಮದುವೆಯಾದ ಹೆಣ್ಣುಮಗಳು ಸ್ಟಿಕ್ ಹಿಡಿದು ಮೈದಾನಕ್ಕಿಳಿಯುವುದನ್ನು ಬೇರೆಲ್ಲಿ ನೋಡುತ್ತೀರಿ? ಆದರೆ ಕೋಟಾದ ಕಡತದಲ್ಲಿ ಈ ಉತ್ಸವದ ಪದಕಕ್ಕೆ ಸ್ಥಾನವಿಲ್ಲ. ಅಲ್ಲಿ ಎಣಿಕೆಗೆ ಬರುವುದು ಶಾಲಾ ಇಲಾಖೆಯ ಮತ್ತು ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗಳ ಕೂಟಗಳಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದ ದಾಖಲೆ. ನಿಮ್ಮ ಮಗ ಏಪ್ರಿಲ್ ತಿಂಗಳಲ್ಲಿ ನೆಂಟರ ಮುಂದೆ ಎಷ್ಟು ಗೋಲು ಹೊಡೆದರೂ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತದಿದ್ದರೆ ಪ್ರಾಧಿಕಾರದ ಮೇಜಿನ ಮೇಲೆ ಅವನು ಹಾಕಿ ಆಟಗಾರನಲ್ಲ. ಕೌಟುಂಬಿಕ ಕ್ರಿಕೆಟ್ ಆಡುವ ಗೌಡ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಆಟವನ್ನೇ ಗಂಭೀರವಾಗಿ ತೆಗೆದುಕೊಂಡ ಮಗುವಿಗೆ ಇನ್ನೊಂದು ಬಗೆಯ ಪ್ರವೇಶವಿದೆ ಎಂಬುದನ್ನು ಮರೆಯಬಾರದು. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ ಮುಂತಾದ ಕಡೆ ಆಯ್ಕೆ ನಡೆಯುವುದೇ ಮೈದಾನದಲ್ಲಿ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡೆ ಮತ್ತು ಸಾಂಸ್ಕೃತಿಕ ಪ್ರತಿಭೆಯುಳ್ಳ ಮಕ್ಕಳನ್ನು ದತ್ತು ಯೋಜನೆಯಡಿ ಉಚಿತವಾಗಿ ಓದಿಸುತ್ತ ಬಂದಿದೆ. ಇಂಥ ಕಡೆಗಳಲ್ಲಿ ಚಟುವಟಿಕೆಯೇ ಪ್ರವೇಶ ಪರೀಕ್ಷೆ. ಆದರೆ ಅಲ್ಲಿಗೆ ಹೋಗುವ ಮಗು ದಿನದ ಎರಡು ಹೊತ್ತು ಬೆವರು ಸುರಿಸುವ ಬದುಕನ್ನು ಒಪ್ಪಿರಬೇಕು. ಅಪ್ಪನಿಗೆ ಆಸೆಯಿದ್ದರೆ ಸಾಲದು.

ಈಗ ನೀವು ಯಾರೂ ಚೀಟಿಯಲ್ಲಿ ಬರೆಯದೇ ಇದ್ದ ಒಂದು ವಿಷಯಕ್ಕೆ ಬರುತ್ತೇನೆ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಮೊದಲಾದ ಕೃಷಿ ವಿಜ್ಞಾನದ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಇದೆ; ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ ಯಾವುದು, ಗೊಬ್ಬರ ಯಾವುದು, ಸಲಕರಣೆ ಯಾವುದಕ್ಕೆ ಬಳಸುವುದು ಎಂದು ಗುರುತಿಸಬೇಕು. ಕಾಫಿ ತೋಟದ ಮನೆಯಲ್ಲಿ ಹುಟ್ಟಿದ ಮಗು ಈ ಪರೀಕ್ಷೆಯಲ್ಲಿ ತಡಬಡಾಯಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅರೇಬಿಕ, ರೊಬಸ್ಟ ಗಿಡಗಳನ್ನು ಎಲೆ ನೋಡಿಯೇ ಬೇರ್ಪಡಿಸಬಲ್ಲ ಮಗು ಗೊಬ್ಬರದ ಚೀಲದ ಮೇಲಿನ ಮೂರು ಸಂಖ್ಯೆಗಳು ಏನೆಂದು ಒಮ್ಮೆಯೂ ಕೇಳಿರುವುದಿಲ್ಲ. ಮೆಣಸಿನ ಬಳ್ಳಿ ಕಂಡಿರುತ್ತದೆ, ಗದ್ದೆಗೆ ಇಳಿದಿರುವುದಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ “ನೀನು ಓದು, ಇತ್ತ ಬರಬೇಡ” ಎಂದು ಕೋಣೆಗೆ ಅಟ್ಟಿರುತ್ತೇವೆ. ಭಾನುವಾರದ ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುವುದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಪಕ್ಕ ನಿಂತು ನೋಡುವುದು, ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಇವನ್ನೆಲ್ಲ ನಾವು ಚಟುವಟಿಕೆಯೆಂದೇ ಲೆಕ್ಕ ಹಾಕುವುದಿಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸೀಟು ಬಯಸುವ ಮಗುವಿಗೆ ನಾನು ಯಾವ ತರಬೇತಿ ಕೇಂದ್ರವನ್ನೂ ಸೂಚಿಸುವುದಿಲ್ಲ. ನಿಮ್ಮ ತೋಟದ ಮೇಸ್ತ್ರಿಯ ಹಿಂದೆ ಒಂದು ವರ್ಷ ರಜಾದಿನಗಳಲ್ಲಿ ಓಡಾಡಿ ಎನ್ನುತ್ತೇನೆ.

ರಾಜ್ಯದ ಹೊರಗೆ ಹೋದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆ ಎರಡಕ್ಕೂ ಸೇರಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ. ಪಠ್ಯೇತರ ವಿಭಾಗದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಗೆ ಶೇ. 25 ಕೊಟ್ಟು, ಉಳಿದ ಶೇ. 75 ಅನ್ನು ಆಯಾ ಕಲೆಯಲ್ಲಿನ ಸಾಮರ್ಥ್ಯಕ್ಕೆ ಕೊಡುತ್ತಾರೆ. ಚರ್ಚೆ, ರಂಗಭೂಮಿ, ಸಂಗೀತ, ನೃತ್ಯ, ಸೃಜನಶೀಲ ಬರವಣಿಗೆ, ರಸಪ್ರಶ್ನೆ, ಯೋಗ ಎಲ್ಲವೂ ಅದರಲ್ಲಿವೆ. ಐಐಟಿಗಳಲ್ಲಿ ಜೆಇಇ ರ‍್ಯಾಂಕಿನ ಹೊರತು ಬೇರೆ ಮಾತು ಹೆಚ್ಚಾಗಿ ಇರಲಿಲ್ಲ. ಮದ್ರಾಸ್ ಐಐಟಿ 2024ರಿಂದ ಕ್ರೀಡಾ ಸಾಧಕರಿಗೆ, 2025ರಿಂದ ಲಲಿತಕಲೆಯ ಸಾಧಕರಿಗೆ ಪ್ರತಿ ಕೋರ್ಸಿನಲ್ಲಿ ಎರಡೆರಡು ಹೆಚ್ಚುವರಿ ಸೀಟು ತೆರೆದಿದೆ, ಅದರಲ್ಲಿ ಒಂದೊಂದು ಹೆಣ್ಣುಮಕ್ಕಳಿಗೆ. ಅಲ್ಲಿಯೂ ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗಿರಬೇಕು, ಸಾಧನೆ ರಾಷ್ಟ್ರಮಟ್ಟದ್ದಾಗಿರಬೇಕು. ಕಲೆಯ ವಿಷಯದಲ್ಲಿ ಮಾನ್ಯ ಮಾಡುವ ದಾಖಲೆಗಳಲ್ಲಿ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯಾದ ಸಿಸಿಆರ್‌ಟಿ ಕೊಡುವ ವಿದ್ಯಾರ್ಥಿವೇತನವೂ ಒಂದು. ಆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಯಸ್ಸು 10ರಿಂದ 14. ಅಪರೂಪದ ಕಲಾಪ್ರಕಾರಗಳಿಗೂ ಅಲ್ಲಿ ಅವಕಾಶವಿದೆ. ಕೊಡವ ಹೆಣ್ಣುಮಕ್ಕಳ ನೃತ್ಯವಾದ ಉಮ್ಮತ್ತಾಟ್ ಕಲಿಸುವ ಅಕ್ಕಂದಿರು ಇಲ್ಲಿ ಯಾರಾದರೂ ಇದ್ದರೆ ಈ ವಯಸ್ಸಿನ ಮಿತಿಯನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ, ಏಕೆಂದರೆ ಒಂಬತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಆ ಗಡುವು ಕಳೆದುಹೋಗಿರುತ್ತದೆ.

ಸೇನೆಯ ಬಾಗಿಲಿಗೆ ಬರೋಣ. ಜನರಲ್ ತಿಮ್ಮಯ್ಯನವರ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಿಲ್ಲೆಯಲ್ಲಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಲ್ಲಿ ಚಟುವಟಿಕೆಗೆ ಅಂಕದ ರೂಪದ ಬೆಲೆಯಿಲ್ಲದಿದ್ದರೂ, ಬೇರೆ ಯಾವ ಪ್ರವೇಶದಲ್ಲೂ ಇಲ್ಲದಷ್ಟು ಆಳವಾದ ಪರಿಶೀಲನೆಯಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಲಿಖಿತ ಪರೀಕ್ಷೆ 900 ಅಂಕ, ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನ 900 ಅಂಕ. 2022ರಿಂದ ಹೆಣ್ಣುಮಕ್ಕಳೂ ಅಕಾಡೆಮಿಗೆ ಸೇರುತ್ತಿದ್ದಾರೆ. ಎಸ್‌ಎಸ್‌ಬಿಗೆ ಹೋದ ಅಭ್ಯರ್ಥಿ ತನ್ನ ಕೈಯಾರೆ ಒಂದು ಮಾಹಿತಿ ಪತ್ರ ತುಂಬಬೇಕು. ಅದರಲ್ಲಿ ಓದಿನ ವಿವರದ ಜೊತೆಗೆ ಆಡುವ ಆಟಗಳು, ಹವ್ಯಾಸಗಳು, ಎನ್‌ಸಿಸಿ, ಶಾಲೆಯಲ್ಲಿ ವಹಿಸಿದ್ದ ಜವಾಬ್ದಾರಿಗಳು ಎಲ್ಲಕ್ಕೂ ಅಂಕಣಗಳಿವೆ. ಸಂದರ್ಶಕ ಅಧಿಕಾರಿಯ ಕೈಯಲ್ಲಿರುವುದು ಅದೇ ಪತ್ರ. ಅವರು ಸರ್ಟಿಫಿಕೇಟನ್ನು ಎಣಿಸುತ್ತ ಕೂರುವುದಿಲ್ಲ. ಬರೆದದ್ದು ನಿಜವೋ ಎಂದು ಕೆದಕುತ್ತಾರೆ.

ನಮ್ಮ ಕಡೆಯ ಹುಡುಗನೊಬ್ಬ ಆಟದ ಅಂಕಣದಲ್ಲಿ ಹಾಕಿ ಎಂದು ಬರೆದಿದ್ದ. ಕೊಡಗಿನವನು ಎಂದ ಮೇಲೆ ಅದನ್ನು ಬರೆಯಲೇಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ಮೈದಾನದ ಅಳತೆ ಎಷ್ಟು ಎಂದು ಕೇಳಿದರು, ಅವನಿಗೆ ಗೊತ್ತಿರಲಿಲ್ಲ. ಅದು 91.4 ಮೀಟರ್ ಉದ್ದ, 55 ಮೀಟರ್ ಅಗಲ. ಗೊತ್ತಿಲ್ಲದಿದ್ದರೂ ಪ್ರಪಂಚ ಮುಳುಗುವುದಿಲ್ಲ. ಆದರೆ ಮುಂದಿನ ಪ್ರಶ್ನೆಗಳು ಬೇರೆ ಥರದವು: ನೀನು ಯಾವ ಸ್ಥಾನದಲ್ಲಿ ಆಡುತ್ತೀಯ, ಕಳೆದ ಸಲ ಸೋತಾಗ ತಂಡದಲ್ಲಿ ಯಾರ ಮೇಲೆ ಸಿಟ್ಟು ಬಂತು, ಪೆನಾಲ್ಟಿ ಕಾರ್ನರಿನಲ್ಲಿ ನಿನ್ನ ಕೆಲಸವೇನು? ಇವಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ಮೈದಾನದಲ್ಲಿ ನಿಂತವನ ಬಾಯಲ್ಲಿ ಮಾತ್ರ ಇದೆ. ಅವನ ಜೊತೆಗೇ ಹೋಗಿದ್ದ ಇನ್ನೊಬ್ಬ ಹುಡುಗ ಯಾವ ತಂಡದಲ್ಲೂ ಆಡಿದವನಲ್ಲ. ಊರಿನ ಪಂದ್ಯಾವಳಿಗಳಲ್ಲಿ ಮೂರು ಬೇಸಿಗೆ ಸ್ಕೋರರ್ ಮೇಜಿನಲ್ಲಿ ಕುಳಿತಿದ್ದ. ಯಾವ ತಂಡ ತಡವಾಗಿ ಬಂತು, ಮಳೆ ಬಂದು ಪಂದ್ಯ ನಿಂತಾಗ ಎರಡು ಕುಟುಂಬದ ಹಿರಿಯರು ಜಗಳಕ್ಕೆ ನಿಂತದ್ದು, ಅವರನ್ನು ಸಮಾಧಾನ ಮಾಡಲು ಈ ಹುಡುಗ ದಾಖಲೆ ಪುಸ್ತಕ ತೆಗೆದು ಗೋಲಿನ ಸಮಯವನ್ನು ಓದಿ ಹೇಳಿದ್ದು, ಇದನ್ನೆಲ್ಲ ಅವನು ನಿರರ್ಗಳವಾಗಿ ವಿವರಿಸಿದ. ಯಾರಿಗೆ ಶಿಫಾರಸು ಸಿಕ್ಕಿತು ಎಂಬುದು ಇಲ್ಲಿ ಮುಖ್ಯವಲ್ಲ, ಅದಕ್ಕೆ ಬೇರೆ ಹತ್ತು ಕಾರಣಗಳಿರುತ್ತವೆ. ಕೋಟಾದ ಕಡತ ಲೆಕ್ಕಕ್ಕಿಡದ ಊರಿನ ಹಾಕಿಗೆ ಈ ಬಾಗಿಲಲ್ಲಿ ಬೆಲೆ ಬಂತು ಎಂಬುದನ್ನು ಮಾತ್ರ ಗಮನಿಸಿ.

ವಿದೇಶದ ವಿಶ್ವವಿದ್ಯಾಲಯಗಳು ಮತ್ತು ನಮ್ಮಲ್ಲಿಯೇ ಸಂದರ್ಶನ, ಪ್ರಬಂಧಗಳ ಮೂಲಕ ಆರಿಸುವ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಈ ದೃಷ್ಟಿಯಿಂದ ಎಸ್‌ಎಸ್‌ಬಿಗೆ ಹತ್ತಿರ. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಶನ್ನಿನಲ್ಲಿ ಚಟುವಟಿಕೆಗಳಿಗೆ ಹತ್ತು ಜಾಗಗಳಿವೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರಗಳು ಮಾತ್ರ. ಹತ್ತನ್ನೂ ತುಂಬಬೇಕೆಂಬ ನಿಯಮವಿಲ್ಲ. ಅಲ್ಲಿನ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿ ತನ್ನದೇ ಅರ್ಜಿಯಲ್ಲಿ ನಾಲ್ಕೇ ಚಟುವಟಿಕೆ ಸಾಕು ಎನ್ನುತ್ತದೆ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ: ಅಲ್ಲಿನ ವಿಶ್ವವಿದ್ಯಾಲಯಗಳಿಗೆಲ್ಲ ಸಾಮಾನ್ಯವಾದ ಯುಕ್ಯಾಸ್ ಅರ್ಜಿಯ ವೈಯಕ್ತಿಕ ಹೇಳಿಕೆಗೆ ಒಟ್ಟು 4000 ಅಕ್ಷರ, 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ, ಅಲ್ಲಿ, ವಿಶೇಷವಾಗಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ, ನೀವು ಓದಬಯಸುವ ವಿಷಯಕ್ಕೆ ಸಂಬಂಧಿಸಿ ತರಗತಿಯ ಹೊರಗೆ ಏನು ಮಾಡಿದ್ದೀರಿ ಎಂಬುದೇ ಮುಖ್ಯ, ಆಟಪಾಠಗಳ ಉದ್ದನೆಯ ಪಟ್ಟಿಯಲ್ಲ.

ಇಲ್ಲಿ ಹಾಕಿಯ ಬಗ್ಗೆ ಇನ್ನೊಂದು ಭ್ರಮೆಯನ್ನೂ ತೆಗೆದುಹಾಕಬೇಕು. ಆಟದ ಬಲದಿಂದ ಅಮೆರಿಕದ ಕಾಲೇಜಿಗೆ ಹೋಗಬಹುದು ಎಂದು ಕೇಳಿರುತ್ತೀರಿ, ನಿಜ. ಆದರೆ ಅಲ್ಲಿ ಎನ್‌ಸಿಎಎ ಎಂಬ ಸಂಸ್ಥೆ ನಡೆಸುವ ಕಾಲೇಜು ಕ್ರೀಡೆಗಳಲ್ಲಿ ಫೀಲ್ಡ್ ಹಾಕಿ ಹೆಣ್ಣುಮಕ್ಕಳ ಆಟ ಮಾತ್ರ, ಗಂಡುಮಕ್ಕಳಿಗೆ ಅದರ ಪಂದ್ಯಾವಳಿಯೇ ಇಲ್ಲ. ಹಾಗಾಗಿ ಕೊಡಗಿನ ಹಾಕಿಯ ಬಲದಿಂದ ಆ ದಾರಿಯಲ್ಲಿ ಹೋಗುವ ಅವಕಾಶ ಇರುವುದು ನಮ್ಮ ಹುಡುಗಿಯರಿಗೆ. ವಿಚಿತ್ರವೆಂದರೆ ಹತ್ತನೆಯ ತರಗತಿ ಬಂದ ಕೂಡಲೇ ಮೊದಲು ಸ್ಟಿಕ್ ಕಸಿದುಕೊಳ್ಳುವುದೂ ಅವರದನ್ನೇ.

ಆ ಕಾಮನ್ ಅಪ್ಲಿಕೇಶನ್ನಿನ ಚಟುವಟಿಕೆಗಳ ಪಟ್ಟಿಯಲ್ಲಿ ‘ಕೌಟುಂಬಿಕ ಜವಾಬ್ದಾರಿ’ ಎಂದೂ ‘ಸಂಬಳದ ಕೆಲಸ’ ಎಂದೂ ಪ್ರತ್ಯೇಕ ಆಯ್ಕೆಗಳಿವೆ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ, ಶಾಲೆ ಬಿಟ್ಟ ಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ ನಮ್ಮ ಶಾಲೆಗಳಲ್ಲಿ “ನೀನು ಯಾವ ಚಟುವಟಿಕೆಯಲ್ಲೂ ಇಲ್ಲವಲ್ಲ” ಎಂದು ಹೇಳುತ್ತೇವೆ. ಆ ಅರ್ಜಿಯ ಮಟ್ಟಿಗೆ ಅವಳು ಮಾಡುತ್ತಿರುವುದೇ ಚಟುವಟಿಕೆ. ಅವಳು ಅಮೆರಿಕಕ್ಕೆ ಹೋಗುತ್ತಾಳೋ ಇಲ್ಲವೋ, ಶಾಲೆ ತನ್ನ ದಾಖಲೆಯಲ್ಲಿ ಹಾಗೆ ಬರೆಯುವುದನ್ನಾದರೂ ಬಿಡಬಹುದು.

ಒಂದು ಉದಾಹರಣೆಯನ್ನು ಸಮಯ ತೆಗೆದುಕೊಂಡೇ ಹೇಳುತ್ತೇನೆ. ಸಲಹೆಗೆಂದು ನನ್ನಲ್ಲಿಗೆ ಬಂದ ವಿದ್ಯಾರ್ಥಿನಿಯೊಬ್ಬಳ ಚೀಲದಲ್ಲಿ ಎರಡು ಕಡತಗಳಿದ್ದವು. ಒಂದರಲ್ಲಿ ಪ್ಲಾಸ್ಟಿಕ್ ಹಾಳೆಗಳೊಳಗೆ ಭದ್ರವಾಗಿ ಇಟ್ಟಿದ್ದ ಪ್ರಮಾಣಪತ್ರಗಳು: ಚಿತ್ರಕಲೆ, ಅಬಾಕಸ್, ಪ್ರಬಂಧ ಸ್ಪರ್ಧೆ, ಫ್ಯಾನ್ಸಿ ಡ್ರೆಸ್. ಇನ್ನೊಂದು ಕಡತವಲ್ಲ, ಬಟ್ಟೆಯ ರಟ್ಟಿನ ಹಳೆಯ ಲೆಕ್ಕದ ಪುಸ್ತಕ. ಅವಳ ಅಜ್ಜ ತೋಟದ ಮಳೆಯನ್ನು ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದಿಟ್ಟದ್ದು. ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಹೂಮಳೆ’ (ಕಾಫಿ ಹೂ ಅರಳಿಸುವ ಮಳೆ), ‘ಗಾಳಿ, ಸಿಲ್ವರ್ ಮರ ಎರಡು ಬಿತ್ತು’, ‘ಕರೆಂಟ್ ಇಲ್ಲ’ ಎಂಬ ಟಿಪ್ಪಣಿಗಳು. 2018ರ ಆಗಸ್ಟ್ ತಿಂಗಳ ಪುಟದಲ್ಲಿ ಕೆಲವು ದಿನಗಳ ಮುಂದೆ ಸಂಖ್ಯೆಯಿಲ್ಲ. ಅಳತೆಯ ಪಾತ್ರೆ ತುಂಬಿ ಹರಿದಿತ್ತು ಎಂದು ಬರೆದಿದೆ. ಅಜ್ಜನ ಕೈ ನಡುಗಲು ಶುರುವಾದ ಮೇಲೆ ಆ ಪುಸ್ತಕದಲ್ಲಿ ಬರೆಯುತ್ತಿದ್ದವಳು ಈ ಹುಡುಗಿ. ಅವಳು ನನ್ನ ಮುಂದೆ ತೆರೆದದ್ದು ಮೊದಲ ಕಡತವನ್ನು. ಎರಡನೆಯದು ಚೀಲದಲ್ಲಿ ಇದ್ದದ್ದು ಅಂದು ಅದನ್ನು ಬೈಂಡಿಂಗಿಗೆ ಕೊಡಬೇಕಾಗಿತ್ತು ಎಂಬ ಕಾರಣಕ್ಕೆ.

ನಾನು ಸೂಚಿಸಿದ್ದು ಇಷ್ಟೇ: ಸುತ್ತಲಿನ ತೋಟಗಳಲ್ಲೂ ಇಂಥ ಪುಸ್ತಕಗಳಿರುತ್ತವೆ, ಕೇಳಿ ನೋಡು. ಅವಳು ಕೇಳಿದಳು, ಕೆಲವರು ಕೊಟ್ಟರು, ಒಬ್ಬರು ಇದೆಲ್ಲ ಯಾಕಮ್ಮ ಎಂದು ಕಳುಹಿಸಿಬಿಟ್ಟರು. ಭಾಗಮಂಡಲದ ಕಡೆಯ ಮಳೆಗೂ ಕುಶಾಲನಗರದ ಕಡೆಯ ಮಳೆಗೂ ಅಜಗಜಾಂತರ ಎಂಬುದು ನಮಗೆಲ್ಲ ಗೊತ್ತು. ಒಂದು ಗುಡ್ಡದ ಆಚೆ ಈಚೆ ಇರುವ ಎರಡು ತೋಟಗಳಲ್ಲಿ ಹೂಮಳೆ ಬೀಳುವ ದಿನವೇ ಬೇರೆಯಾಗುವುದನ್ನು ಅವಳು ಅಂಕಿಗಳಿಂದ ತೋರಿಸಿದಳು. ಅದನ್ನೇ ಮಾರ್ಗದರ್ಶಿ ಶಿಕ್ಷಕರೊಬ್ಬರ ನೆರವಿನಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಯ್ದಳು. 10ರಿಂದ 17 ವರ್ಷದ ಮಕ್ಕಳಿಗಾಗಿ ನಡೆಯುವ ಆ ಸಮಾವೇಶ ಸ್ಥಳೀಯ ಸಮಸ್ಯೆಯ ಅಧ್ಯಯನವನ್ನೇ ಬಯಸುತ್ತದೆ. ನಮ್ಮ ಜಿಲ್ಲೆಯ ಶಾಲೆಗಳು ಅದನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಅವಳಿಗೆ ದೊಡ್ಡ ಬಹುಮಾನವೇನೂ ಬರಲಿಲ್ಲ. ಆದರೆ ಮುಂದೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಸಂದರ್ಶನದಲ್ಲಿ ಪ್ರಾಧ್ಯಾಪಕರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಪುಸ್ತಕದ ಬಗ್ಗೆಯೇ ಇದ್ದವಂತೆ. ಖಾಲಿ ಬಿಟ್ಟ ದಿನಗಳನ್ನು ಸರಾಸರಿ ತೆಗೆಯುವಾಗ ಏನು ಮಾಡಿದೆ ಎಂದು ಕೇಳಿದರಂತೆ. ಅವಳು ಅದನ್ನು ಆಗಲೇ ಯೋಚಿಸಿಯಾಗಿತ್ತು.

ಹಾಗೆಂದು ನಾಳೆಯಿಂದ ಎಲ್ಲರೂ ಮಳೆ ಅಳೆಯಲು ಹೊರಡಬೇಡಿ. ಆಯ್ಕೆ ಮಾಡುವಾಗ ನಮ್ಮ ಜಿಲ್ಲೆಯಲ್ಲಿ ಮೊದಲು ನೋಡಬೇಕಾದದ್ದು ಬಸ್ಸಿನ ವೇಳೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಶಾಲೆ ಬಿಟ್ಟ ಮೇಲಿನ ಅಭ್ಯಾಸ ಮುಗಿಸಿ ಕೊನೆಯ ಬಸ್ ಹಿಡಿದು, ಇಳಿದ ಮೇಲೆ ಆನೆಯ ಭಯದಲ್ಲಿ ತೋಟದ ದಾರಿ ನಡೆಯಬೇಕಾದ ಮಗುವಿಗೆ ವಾರಕ್ಕೆ ಐದು ದಿನದ ತರಬೇತಿ ಹೊಂದುವುದಿಲ್ಲ. ಎಷ್ಟು ಆಸಕ್ತಿಯಿದ್ದರೂ ಮಳೆಗಾಲದ ಮಧ್ಯದಲ್ಲಿ ಬಿಟ್ಟುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನ ಕೆಸರಾಗಿರುತ್ತದೆ, ಟರ್ಫ್ ಇರುವುದು ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆಯಂಥ ಕೆಲವೇ ಕಡೆ. ಮಳೆಯ ರಜೆಗಳನ್ನು ಸರಿದೂಗಿಸಲು ಶನಿವಾರದ ಮಧ್ಯಾಹ್ನವೂ ತರಗತಿಗೆ ಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲೂ ನಿಲ್ಲದಂತೆ ನಡೆಸಬಹುದಾದ ಒಂದು, ಬೇಸಿಗೆಯಲ್ಲಿ ಹೊರಗೆ ಮಾಡುವ ಒಂದು, ಹೀಗೆ ಎರಡು ಸಾಕು. ಎಂಟನೆಯ ತರಗತಿಯಲ್ಲಿ ನಾಲ್ಕಾರು ಕಡೆ ಕೈಹಾಕಿ ನೋಡಲಿ, ಅದಕ್ಕೆ ಬಯ್ಯಬೇಡಿ. ಒಂಬತ್ತರ ಹೊತ್ತಿಗೆ ಯಾವುದನ್ನು ಹೇಳದೆಯೇ ಮಾಡುತ್ತಿದೆ ಎಂದು ಗಮನಿಸಿ, ಉಳಿದದ್ದನ್ನು ಬಿಡಿಸಿ.

ಹತ್ತನೆಯ ತರಗತಿಯಲ್ಲಿ ಎಲ್ಲವನ್ನೂ ನಿಲ್ಲಿಸಬೇಕೇ ಎಂದು ಎರಡು ಚೀಟಿಗಳಲ್ಲಿ ಕೇಳಿದ್ದಾರೆ. ಸಮಯ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ರಾಜ್ಯಮಟ್ಟದ ಆಯ್ಕೆಗಳು, ಸ್ಕೌಟಿನ ಮೇಲಿನ ಹಂತಗಳು ಈ ವಯಸ್ಸಿನಲ್ಲೇ ಬರುವುದರಿಂದ, ಒಂದು ವರ್ಷ ಬಿಟ್ಟರೆ ಹಿಂದಿನ ಎರಡು ವರ್ಷದ ಶ್ರಮ ಕೋಟಾದ ಲೆಕ್ಕದಲ್ಲಿ ಸೊನ್ನೆಯಾಗುತ್ತದೆ. ನೀಟ್ ಒಂದನ್ನೇ ಗುರಿಯಾಗಿಟ್ಟ ಮಗುವಿನ ವಿಷಯ ಬೇರೆ. ಪಿಯುಸಿಯ ಎರಡು ವರ್ಷ ಅದು ಸಂಜೆ ಒಂದು ಗಂಟೆ ಶಟಲ್ ಆಡಿದರೆ ಪ್ರವೇಶಕ್ಕೆ ಏನೂ ಸಿಗದು, ನಿದ್ದೆ ಚೆನ್ನಾಗಿ ಬರುತ್ತದೆ ಅಷ್ಟೇ, ಅದಕ್ಕಾಗಿಯಾದರೂ ಆಡಲಿ.

ಕೊನೆಯದು ಕಾಗದಪತ್ರದ ಮಾತು, ಆದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಜಿಲ್ಲೆಯ ಹೆಸರುಗಳಲ್ಲಿ ಮನೆತನದ ಹೆಸರು ಒಂದು ಕಡೆ ಮೊದಲು ಬರುತ್ತದೆ, ಇನ್ನೊಂದು ಕಡೆ ಕೊನೆಗೆ. ಶಾಲೆಯಲ್ಲಿ ಅದು ಇನಿಶಿಯಲ್ ಆಗಿ ಕುಗ್ಗುತ್ತದೆ, ಆಧಾರ್‌ನಲ್ಲಿ ಪೂರ್ತಿ ಬಿಡಿಸಿರುತ್ತದೆ, ಕ್ರೀಡಾಕೂಟದ ಪ್ರಮಾಣಪತ್ರದಲ್ಲಿ ದೈಹಿಕ ಶಿಕ್ಷಕರು ಕರೆಯುವ ಹೆಸರು ಮಾತ್ರ ಇರುತ್ತದೆ. ದಾಖಲೆ ಪರಿಶೀಲನೆಯಲ್ಲಿ ಕುಳಿತವರಿಗೆ ಇವರೆಲ್ಲ ಒಬ್ಬರೇ ಎಂದು ನಂಬಲು ಕಾರಣವಿರುವುದಿಲ್ಲ. ಎಸ್ಸೆಸ್ಸೆಲ್ಸಿಗೆ ನೋಂದಣಿ ಮಾಡಿಸುವ ಹೆಸರು ಯಾವುದೋ ಅದೇ ಹೆಸರು, ಅದೇ ಅಕ್ಷರ, ಅದೇ ಕ್ರಮದಲ್ಲಿ ಪ್ರತಿ ಪ್ರಮಾಣಪತ್ರದಲ್ಲೂ ಇರುವಂತೆ ಎಂಟನೆಯ ತರಗತಿಯಿಂದಲೇ ನೋಡಿಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದ ದಿನವೇ ಕೂಟದ ಹೆಸರು, ಮಟ್ಟ, ದಿನಾಂಕ, ಸಂಘಟಕ ಸಂಸ್ಥೆಯ ಮೊಹರು ಇವೆಯೇ ಎಂದು ಪರೀಕ್ಷಿಸಿ, ತಪ್ಪಿದ್ದರೆ ವೇದಿಕೆ ಬಿಚ್ಚುವ ಮೊದಲೇ ತಿದ್ದಿಸಿಕೊಳ್ಳಿ. ಎರಡು ವರ್ಷ ಕಳೆದ ಮೇಲೆ ಸಹಿ ಹಾಕಿದ ಅಧಿಕಾರಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ಮೂಲಪ್ರತಿಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮೊಹರಿನ ಪರಿಶೀಲನೆಗೆ ತೊಂದರೆಯಾಗುತ್ತದೆ. ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಮನೆಯಿಂದ ಹೊರಗೆ, ನೆಂಟರಲ್ಲೋ ಮಿಂಚಂಚೆಯಲ್ಲೋ ಇಡಿ; 2018ರ ಮಳೆಯಲ್ಲಿ ಮನೆಯೊಂದಿಗೆ ಅಂಕಪಟ್ಟಿಗಳನ್ನೂ ಕಳೆದುಕೊಂಡ ಮಕ್ಕಳು ನಕಲು ಪ್ರತಿಗಾಗಿ ಎಷ್ಟು ಅಲೆದರು ಎಂಬುದು ಈ ಸಭೆಯಲ್ಲಿರುವ ಶಿಕ್ಷಕರಿಗೆ ಗೊತ್ತು. ಈಗ ಚೀಟಿಯಲ್ಲಿ ಬರೆಯದೇ ಉಳಿದ ಪ್ರಶ್ನೆಗಳಿದ್ದರೆ, ಮೊದಲು ಮಕ್ಕಳು ಕೇಳಲಿ.